ಪರೀಕ್ಷೆಯಲ್ಲಿ ಬರೆದುಕೊಟ್ಟವಳ ಅರಿಕೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಪ್ರೀತಿಯಿಂದ ಅಪ್ಪಣೆಮಾಡಿರುವರು. ಇಂಥ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿನಿಯರು ಶಾಲೆಯ ಗಂಟೆಯನ್ನೂ, ಅಂಗಳದ ಹಲಸಿನ ಮರವನ್ನೂ, ಹೊಲಿಗೆಯ ತರಗತಿಯಲ್ಲಿ ಬೆರಳಿಗೆ ಚುಚ್ಚಿಕೊಂಡ ಸೂಜಿಯನ್ನೂ ನೆನೆಯುವುದು ವಾಡಿಕೆಯಾಗಿದೆ. ಅವುಗಳನ್ನು ನಾನು ಮರೆತವಳಲ್ಲ. ಆದರೆ ಈ ಶಾಲೆಯು ನನ್ನನ್ನು ನಂಬಿ ಒಪ್ಪಿಸಿದ ಒಂದು ಕೆಲಸವನ್ನು ನಾನು ಕೆಡಿಸಿದೆನು. ಕೆಡಿಸಿದುದನ್ನು ನಲವತ್ತೆರಡು ವರ್ಷಗಳ ಕಾಲ ಯಾರಲ್ಲಿಯೂ ಹೇಳದೆ ಇದ್ದೆನು. ಆ ವಿಷಯವನ್ನೇ ಇಲ್ಲಿ ಬರೆಯುವೆನು. ಓದುವವರಲ್ಲಿ ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ತಾಯಿತಂದೆಗಳು ಅನೇಕರಿರುವುದರಿಂದ ಇದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಅದು 1977ನೆಯ ಇಸವಿಯ ಏಪ್ರಿಲ್ ತಿಂಗಳು. ಒಂಬತ್ತನೆಯ ತರಗತಿಯ ಪರೀಕ್ಷೆಗಳು ಮುಗಿದು, ನಾವು ರಜೆಯ ಸಂಭ್ರಮದಲ್ಲಿದ್ದೆವು. ಒಂದು ಮಧ್ಯಾಹ್ನ ನಮ್ಮ ಮುಖ್ಯೋಪಾಧ್ಯಾಯಿನಿಯವರು ನನಗೆ ಹೇಳಿಕಳುಹಿಸಿದರು. ಏನು ತಪ್ಪು ಮಾಡಿದೆನೋ ಎಂದು ನಡುಗುತ್ತ ಹೋದೆನು. ಅವರು ನನ್ನ ಉತ್ತರಪತ್ರಿಕೆಯೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದರು. "ಮಗೂ, ನಿನ್ನ ಅಕ್ಷರ ದುಂಡಾಗಿದೆ. ನಾಳೆ ಬೆಳಗ್ಗೆ ಕಾಲೇಜಿಗೆ ಹೋಗಿ ಒಬ್ಬ ಅಕ್ಕನಿಗೆ ಪರೀಕ್ಷೆ ಬರೆದುಕೊಡಬೇಕು. ಅವಳು ಹೇಳಿದ್ದನ್ನು ಬರೆ; ಹೇಳದ್ದನ್ನು ಬರೆಯಬೇಡ" ಎಂದರು. ಅವರ ಮಾತು ಯಾವಾಗಲೂ ಅಷ್ಟೇ ಉದ್ದವಿರುತ್ತಿದ್ದಿತು.

ಕಾಲೇಜಿನವರು ನಮ್ಮ ಶಾಲೆಗೆ ಏತಕ್ಕೆ ಹೇಳಿಕಳುಹಿಸಿದರೆಂಬುದನ್ನು ಇಲ್ಲಿ ತಿಳಿಸಬೇಕು. ಅಂಧ ವಿದ್ಯಾರ್ಥಿಗೆ ಬರೆದುಕೊಡುವವಳು ಅವಳಿಗಿಂತ ಕಡಮೆ ಓದಿದವಳಾಗಿರಬೇಕೆಂಬುದು ಆಗಿನ ನಿಯಮವಾಗಿದ್ದಿತು. ಹೆಚ್ಚು ಓದಿದವಳಾದರೆ ತಾನೇ ಉತ್ತರವನ್ನು ಹೇಳಿಕೊಟ್ಟಾಳೆಂಬ ಭಯ. ಹಾಗಾಗಿ ಬಿ.ಎ. ಅಂತಿಮ ವರ್ಷದ ಚರಿತ್ರೆಯ ಪತ್ರಿಕೆಯನ್ನು ಬರೆಯಲು ಹದಿನಾಲ್ಕು ವರ್ಷದ ಹುಡುಗಿಯನ್ನು ಕರೆದರು. ಅವಳಿಗೆ ಬರೆಯಬೇಕಾದ ಶಬ್ದಗಳೇ ತಿಳಿಯದೆ ಹೋದರೆ ಏನು ಗತಿಯೆಂದು ಯಾರೂ ಭಯಪಟ್ಟಂತೆ ಕಾಣಲಿಲ್ಲ.

ಆ ಅಕ್ಕನನ್ನು ನಾನು ನೋಡಿದುದು ಪರೀಕ್ಷೆಗೆ ಹತ್ತು ನಿಮಿಷ ಮುಂಚೆ, ಕಾಲೇಜಿನ ಜಗಲಿಯಲ್ಲಿ. ಬಿಳಿಯ ಸೀರೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಮಡಿಲಲ್ಲಿ ಒಂದು ಚೀಲ. ನಾಲ್ಕನೆಯ ವಯಸ್ಸಿನಲ್ಲಿ ದಡಾರವಾಗಿ ಎರಡು ಕಣ್ಣುಗಳೂ ಹೋದುವೆಂದು ಅವಳ ಅಣ್ಣನು ತರುವಾಯ ನನಗೆ ಹೇಳಿದನು. ಅಂಧರ ಶಾಲೆಯಲ್ಲಿದ್ದುಕೊಂಡು ಹತ್ತನೆಯ ತರಗತಿಯವರೆಗೆ ಓದಿದಳು. ಅಲ್ಲಿ ಪುಸ್ತಕಗಳು ಬ್ರೈಲಿನಲ್ಲಿದ್ದುವು. ಕಾಲೇಜಿನಲ್ಲಿ ಅವೊಂದೂ ಇಲ್ಲ. ರಾತ್ರಿಯಲ್ಲಿ ಅಣ್ಣನು ಪಠ್ಯಪುಸ್ತಕವನ್ನು ಓದುವನು, ಇವಳು ಬ್ರೈಲಿನಲ್ಲಿ ಚುಚ್ಚಿಕೊಳ್ಳುವಳು. ಬ್ರೈಲ್ ಬರೆಯುವುದನ್ನು ನೋಡದವರಿಗಾಗಿ ಹೇಳುತ್ತೇನೆ: ಸಾಲುಸಾಲಾಗಿ ಕಿಂಡಿಗಳಿರುವ ಒಂದು ತಗಡಿನ ಪಟ್ಟಿಯ ನಡುವೆ ದಪ್ಪ ಕಾಗದವನ್ನು ಸಿಕ್ಕಿಸಿ, ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕೆಯನ್ನು ಒತ್ತಬೇಕು. ಒಂದು ಅಕ್ಷರಕ್ಕೆ ಹೆಚ್ಚೆಂದರೆ ಆರು ಚುಕ್ಕೆ. ಚುಕ್ಕೆಗಳು ಕಾಗದದ ಹಿಂಬದಿಯಲ್ಲಿ ಏಳುವುದರಿಂದ ಬಲದಿಂದ ಎಡಕ್ಕೆ ಬರೆದು, ಕಾಗದವನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಮೂರು ವರ್ಷಗಳ ಚರಿತ್ರೆಯು ಹಾಗೆ ಒಂದು ದೊಡ್ಡ ತಗಡಿನ ಪೆಟ್ಟಿಗೆಯಲ್ಲಿ ತುಂಬಿದ್ದಿತು. ಇಷ್ಟನ್ನು ಬಲ್ಲ ಬೆರಳುಗಳಿಂದ ಪರೀಕ್ಷಕರಿಗೆ ಒಂದು ಸಾಲನ್ನೂ ಬರೆದುಕೊಡಲಾಗದು, ಏಕೆಂದರೆ ಪರೀಕ್ಷಕರಿಗೆ ಆ ಲಿಪಿ ಬಾರದು. ಬಾರದಿರುವುದು ಪರೀಕ್ಷಕರಿಗೆ, ಕೊರತೆಯೆನಿಸಿದುದು ಮಾತ್ರ ಅವಳದು.

ನಮ್ಮ ಮಾತು ಉಳಿದವರಿಗೆ ಕೇಳಿಸಬಾರದೆಂದು ನಮಗೆ ಬೇರೆ ಕೋಣೆಯನ್ನು ಕೊಟ್ಟಿದ್ದರು. ಅದು ಮುರಿದ ಬೆಂಚುಗಳನ್ನೂ ಹಳೆಯ ನಕ್ಷೆಗಳನ್ನೂ ಇಡುವ ಕೋಣೆ, ಫ್ಯಾನು ಇರಲಿಲ್ಲ. ಬಾಗಿಲ ಬಳಿ ಒಬ್ಬ ಮೇಲ್ವಿಚಾರಕರು ನಾನು ಆಕೆಗೆ ಏನನ್ನಾದರೂ ಹೇಳಿಕೊಡುವೆನೋ ಎಂದು ನನ್ನ ತುಟಿಗಳನ್ನೇ ನೋಡುತ್ತ ಕುಳಿತರು. ನನ್ನ ಕೈಯನ್ನು ಯಾರೂ ನೋಡಲಿಲ್ಲ.

ಪ್ರಶ್ನೆಗಳನ್ನು ಎರಡೆರಡು ಸಲ ಓದಿದೆನು. ಆಕೆ ಕ್ಷಣಕಾಲ ಸುಮ್ಮನಿದ್ದು, ಯಾವ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಉತ್ತರಿಸಬೇಕೆಂಬುದನ್ನು ಮನಸ್ಸಿನಲ್ಲಿಯೇ ಗೊತ್ತುಮಾಡಿಕೊಂಡು, ಅಚ್ಚಾದ ಪುಸ್ತಕವನ್ನು ಓದುವಂತೆ ಹೇಳತೊಡಗಿದಳು. ನಾನು ಹೌಹಾರಿದೆನು. "ಅಕ್ಕಾ, ಸ್ವಲ್ಪ ನಿಧಾನ" ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಪ್ರತಿಸಲವೂ ಆಕೆ ನಿಂತು, ಬಿಟ್ಟಲ್ಲಿಂದಲೇ ಎಳೆಯನ್ನು ಹಿಡಿಯುತ್ತಿದ್ದಳು. ಆದರೆ ನಾಲ್ಕನೆಯ ಉತ್ತರದ ಹೊತ್ತಿಗೆ ವಾಕ್ಯಗಳು ಗಿಡ್ಡವಾಗತೊಡಗಿದುವು. ನನ್ನ ಕೈಯ ವೇಗಕ್ಕೆ ಆಕೆ ತನ್ನ ತಿಳುವಳಿಕೆಯನ್ನು ಕತ್ತರಿಸಿ ಹೊಂದಿಸುತ್ತಿದ್ದಳೆಂಬುದು ಆಗ ನನಗೆ ಹೊಳೆಯಲಿಲ್ಲ. ಹೇಳುವುದು ಕಡಮೆಯಾಯಿತಲ್ಲಾ ಎಂದು ಸಂತೋಷಪಟ್ಟೆನು.

ಮೈಸೂರು ಯುದ್ಧಗಳ ಪ್ರಶ್ನೆ ಬಂದಿತು. ಮೂರನೆಯ ಯುದ್ಧದ ಕೊನೆಯಲ್ಲಿ, 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪುವು ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ದಂಡವನ್ನು ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನೆಂದು ಆಕೆ ಹೇಳಿದಳು. ನನ್ನ ಲೇಖನಿ ನಿಂತಿತು. ಪ್ರಾಥಮಿಕ ಶಾಲೆಯಿಂದಲೇ ಶ್ರೀರಂಗಪಟ್ಟಣವೆಂದರೆ 1799 ಎಂದು ನಾನು ಬಾಯಿಪಾಠ ಮಾಡಿದ್ದೆನು. ಪಾಪ, ಅಕ್ಕನು ಗಾಬರಿಯಲ್ಲಿ ತಪ್ಪಿದಳು ಎಂದುಕೊಂಡೆನು. ಹೇಳಿದರೆ ಬಾಗಿಲ ಬಳಿಯವರು ಎದ್ದುಬರುವರು. ಹೇಳದಿದ್ದರೆ ಆಕೆಗೆ ಅಂಕ ಹೋಗುವುದು. ಹೀಗೆ ಯೋಚಿಸಿ, ನನ್ನ ದುಂಡಾದ ಅಕ್ಷರದಲ್ಲಿ 1799 ಎಂದು ಬರೆದೆನು. ಆಕೆ ಮುಂದೆ ಇನ್ನೊಮ್ಮೆ ಆ ಇಸವಿಯನ್ನು ಹೇಳಿದಾಗಲೂ ಅದನ್ನೇ ಬರೆದೆನು. ಉಪಕಾರಮಾಡಿದೆನೆಂಬ ಹಿಗ್ಗಿನಿಂದ ನನ್ನ ಎದೆ ತುಂಬಿದ್ದಿತು. ಕೊನೆಯಲ್ಲಿ ಆಕೆ "ತಂಗೀ, ಆ ಯುದ್ಧದ ಉತ್ತರವನ್ನು ಒಮ್ಮೆ ಓದಿ ಹೇಳು" ಎಂದಳು. ನಾನು ಪುಟವನ್ನು ಮಗುಚುವಷ್ಟರಲ್ಲಿ ಗಂಟೆ ಹೊಡೆಯಿತು.

ಮರುವರ್ಷ ಹತ್ತನೆಯ ತರಗತಿಯಲ್ಲಿ, ಅದೇ ಶಾಲೆಯ ಅದೇ ಬೆಂಚಿನಲ್ಲಿ ಕುಳಿತು, 1792ರ ಒಪ್ಪಂದವು ಬೇರೆ, 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದುದು ಬೇರೆ ಎಂದು ಓದಿದೆನು. ಸತ್ತವನ ಕೈಯಿಂದ ದಂಡವನ್ನು ಕೊಡಿಸಿ, ಒತ್ತೆಯಿಡಿಸಿದ್ದೆನು. ಆ ದಿನ ಮಧ್ಯಾಹ್ನದ ಬುತ್ತಿಯನ್ನು ಬಿಚ್ಚಲಿಲ್ಲ.

ಅಕ್ಕನಿಗೆ ಎರಡನೆಯ ದರ್ಜೆ ಬಂದಿತು. ಒಂದನೆಯ ದರ್ಜೆಯು ಕೆಲವೇ ಅಂಕಗಳಿಂದ ತಪ್ಪಿದ್ದಿತು. ನನ್ನ 1799ರಿಂದಲೇ ತಪ್ಪಿತೆಂದು ಹೇಳಲಾರೆನು, ಅಲ್ಲವೆಂದೂ ಹೇಳಲಾರೆನು. ಎಂ.ಎ. ಓದಬೇಕೆಂದು ಆಕೆಗೆ ಬಹಳ ಆಸೆಯಿದ್ದಿತು. ಅದು ಕೈಗೂಡಲಿಲ್ಲ. 1980ರಲ್ಲಿ ಒಂದು ಬ್ಯಾಂಕಿನಲ್ಲಿ ದೂರವಾಣಿಯ ಕರೆಗಳನ್ನು ಜೋಡಿಸುವ ಉದ್ಯೋಗ ಸಿಕ್ಕಿತು. ಅಲ್ಲಿಯೇ ನಿವೃತ್ತಿಯವರೆಗೂ ಇದ್ದಳು.

ಏಕೆ ಹೇಳಲಿಲ್ಲವೆಂದು ವಾಚಕರು ಕೇಳಬಹುದು. ನಮಗೆ ಪತ್ರವ್ಯವಹಾರವಿದ್ದಿತು. ಆಕೆ ಕಚೇರಿಯ ಬೆರಳಚ್ಚು ಯಂತ್ರದಲ್ಲಿ ತಾನೇ ಅಚ್ಚುಮಾಡಿ ಹೊಸ ವರ್ಷಕ್ಕೊಂದು ಕಾಗದವನ್ನು ಕಳುಹಿಸುತ್ತಿದ್ದಳು. ಒಮ್ಮೊಮ್ಮೆ ಬೆರಳುಗಳು ಒಂದು ಕೀಲಿಯಷ್ಟು ಸರಿದು ಇಡೀ ಸಾಲು ಗೂಢಲಿಪಿಯಾಗಿರುತ್ತಿದ್ದುದೂ ಉಂಟು. ಅದನ್ನು ಬಿಡಿಸಿ ಓದುವುದು ನನಗೊಂದು ವಿನೋದವಾಗಿದ್ದಿತು. ಆದರೆ ನನ್ನ ಕಾಗದವನ್ನು ಆಕೆಗೆ ಅಣ್ಣನಾಗಲಿ, ಅತ್ತಿಗೆಯಾಗಲಿ, ನೆರೆಮನೆಯ ಹುಡುಗನಾಗಲಿ ಓದಿ ಹೇಳಬೇಕು. ಅವಳಿಗೆ ಬಂದ ಯಾವ ಕಾಗದವೂ ಅವಳೊಬ್ಬಳಿಗೇ ಬಂದುದಲ್ಲ. ನಿನ್ನ ಪರೀಕ್ಷೆಯನ್ನು ನಾನು ಕೆಡಿಸಿದೆನೆಂಬುದನ್ನು ಮೂರನೆಯವರ ಬಾಯಿಂದ, ರಾತ್ರಿಗಳೆಲ್ಲ ಕುಳಿತು ಓದಿ ಹೇಳಿದ ಆ ಅಣ್ಣನ ಬಾಯಿಂದಲೇ, ಆಕೆ ಕೇಳುವಂತೆ ಮಾಡಲು ನನಗೆ ಧೈರ್ಯ ಬರಲಿಲ್ಲ. ಇದು ನೆಪವೂ ಆಗಿದ್ದಿತೆಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ದೇಶದಲ್ಲಿ ಅಂಧ ಮಕ್ಕಳಿಗೆ ಶಾಲೆಯಿಲ್ಲದೆ ಇರಲಿಲ್ಲ. 1887ರಲ್ಲಿಯೇ ಆನಿ ಶಾರ್ಪ್ ಎಂಬ ಮಿಶನರಿ ಮಹಿಳೆಯು ಅಮೃತಸರದಲ್ಲಿ ಅಂಧರ ಶಾಲೆಯನ್ನು ತೆರೆದರು; ಮೈಸೂರಿನಲ್ಲಿ 1901ರಿಂದ ಅಂಧರಿಗೂ ಕಿವುಡರಿಗೂ ಶಾಲೆಯಿದೆ. ಆದರೆ ಹತ್ತನೆಯ ತರಗತಿಯ ಆಚೆಗೆ ದಾರಿಯು ಥಟ್ಟನೆ ಕಾಡಾಗುತ್ತಿದ್ದಿತು. ಇದು ನಮ್ಮಲ್ಲಿ ಮಾತ್ರವಲ್ಲ. ಕಣ್ಣೂ ಕಿವಿಯೂ ಇಲ್ಲದ ಹೆಲನ್ ಕೆಲ್ಲರ್ ಅವರು 1899ರಲ್ಲಿ ರ್‍ಯಾಡ್‌ಕ್ಲಿಫ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕುಳಿತಾಗ, ಪ್ರಶ್ನೆಪತ್ರಿಕೆಯನ್ನು ಅಂಗೈಮೇಲೆ ಬರೆದು ತಿಳಿಸಲು ಅವರ ಗುರು ಆನ್ ಸಲಿವನ್ ಅವರಿಗೆ ಅನುಮತಿ ದೊರೆಯಲಿಲ್ಲ; ಬದಲಾಗಿ ಪತ್ರಿಕೆಯನ್ನು ಬ್ರೈಲಿನಲ್ಲಿ ಕೊಟ್ಟರು. ಅದು ಅಮೆರಿಕದ ಬ್ರೈಲು. ಬೀಜಗಣಿತದ ಚಿಹ್ನೆಗಳನ್ನು ಅವರು ಕಲಿತಿದ್ದುದು ಇಂಗ್ಲಿಷ್ ಬ್ರೈಲಿನಲ್ಲಿ. ಪರೀಕ್ಷೆಗೆ ಎರಡು ದಿನ ಮುಂಚೆ ಇದು ತಿಳಿದು, ಹೊಸ ಚಿಹ್ನೆಗಳನ್ನು ತರಾತುರಿಯಿಂದ ಕಲಿತು ಪರೀಕ್ಷೆಯನ್ನು ಬರೆದರು. ತೇರ್ಗಡೆಯಾಗಿ, 1904ರಲ್ಲಿ ಪದವಿಯನ್ನೂ ಪಡೆದರು. ಅವರ ಕೀರ್ತಿಯನ್ನು ಎಲ್ಲರೂ ಹಾಡುವರು. ನನಗಾದರೋ ಆ ಎರಡು ದಿನಗಳೇ ನೆನಪಾಗುತ್ತವೆ. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಪದ್ಧತಿಯು ಗೊತ್ತಾದುದು 1951ರಲ್ಲಿ.

ನಾನು 1986ರಲ್ಲಿ ಒಂದು ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕಿಯಾದೆನು. ಒಮ್ಮೆ ಸುಟ್ಟುಕೊಂಡವಳು ಬೆಂಕಿಯನ್ನು ಬಲ್ಲಳೆಂದು ತಿಳಿಯುವಿರೇನೋ. ಹಾಗಾಗಲಿಲ್ಲ. 2008ರಲ್ಲಿ ನನ್ನ ತರಗತಿಗೆ ಬಂದ ಒಬ್ಬ ಹುಡುಗಿ ಮೊದಲನೆಯ ಸಾಲಿನಲ್ಲಿಯೇ ಕುಳಿತು, ನಾನು ಹೇಳಿದ ಟಿಪ್ಪಣಿಗಳನ್ನು ಬರೆದುಕೊಳ್ಳದೆ ಪಕ್ಕದವಳ ಪುಸ್ತಕವನ್ನು ಇಣಿಕುತ್ತಿದ್ದಳು. ಎರಡು ತಿಂಗಳು ಸಹಿಸಿದೆನು. ಆಮೇಲೆ ಇಡೀ ತರಗತಿಯ ಮುಂದೆ ಗದರಿಸಿದೆನು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಅದನ್ನೂ ಉದ್ಧಟತನವೆಂದು ಭಾವಿಸಿದೆನು. ಮರುದಿನ ಅವಳ ತಾಯಿ ಬಂದರು. ಮಲ್ಲಿಗೆ ಕಟ್ಟಿ ಮಾರುವ ಹೆಂಗಸು. ಕೈಯಲ್ಲಿ ಇನ್ನೂ ಬಾಳೆನಾರಿನ ಚೂರುಗಳಿದ್ದುವು. "ಟೀಚರೇ, ಅವಳಿಗೆ ಕಿವಿ ಕೇಳುವುದು ಕಮ್ಮಿ. ತುಟಿ ನೋಡಿ ಮಾತು ಹಿಡಿಯುತ್ತಾಳೆ. ನೀವು ಹಲಗೆಯ ಕಡೆ ತಿರುಗಿ ಪಾಠ ಹೇಳುತ್ತೀರಂತೆ. ನಿಮ್ಮ ಬೆನ್ನು ಅವಳೊಟ್ಟಿಗೆ ಮಾತಾಡುವುದಿಲ್ಲ" ಎಂದರು. ದೂರಿನ ದನಿಯಲ್ಲಿ ಹೇಳಲಿಲ್ಲ. ಹೂವಿನ ಬೆಲೆಯನ್ನು ಹೇಳುವಂತೆ ಹೇಳಿದರು.

ಆ ಹುಡುಗಿ ತನ್ನ ಕೊರತೆಯನ್ನು ಕಾಲೇಜಿನಲ್ಲಿ ಯಾರಿಗೂ ತಿಳಿಸಿರಲಿಲ್ಲ. ತಿಳಿಸಿದರೆ ಸೇರಿಸಿಕೊಳ್ಳಲಾರರೆಂದು ಯಾರೋ ಹೆದರಿಸಿದ್ದರು. ಮೈಸೂರಿನಲ್ಲಿ 1965ರಿಂದ ಇರುವ ವಾಕ್‌ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಮಾಡಿಸಿ ತಂದ ಶ್ರವಣಯಂತ್ರವನ್ನು ಕೂದಲಿನಿಂದ ಮುಚ್ಚಿಕೊಂಡಿದ್ದಳು. ಯಂತ್ರವಿದ್ದಮೇಲೆ ಕೇಳಿಸಲೇಬೇಕೆಂದು ನಾನು ಎಣಿಸಿದೆನು. ಅವಳು ನಕ್ಕು, ಕಾಗದದ ಮೇಲೆ ಬರೆದು ವಿವರಿಸಿದಳು: ಯಂತ್ರವು ಎಲ್ಲ ಶಬ್ದಗಳನ್ನೂ ಒಟ್ಟಿಗೆ ದೊಡ್ಡದು ಮಾಡುವುದು, ಫ್ಯಾನು, ಬೆಂಚು ಎಳೆದ ಸದ್ದು, ಹೊರಗಿನ ಬಸ್ಸು, ಇವುಗಳ ನಡುವೆ ಪಾಠವು ಮುಳುಗಿಹೋಗುವುದು.

ತುಟಿಯನ್ನು ನೋಡಿ ತಿಳಿಯುವುದು ಎಷ್ಟು ಕಷ್ಟವೆಂಬುದನ್ನು ಅವಳಿಂದಲೇ ಕಲಿತೆನು. ಕನ್ನಡಿಯ ಮುಂದೆ ನಿಂತು ಪ, ಬ, ಮ ಎಂದು ಉಚ್ಚರಿಸಿ ನೋಡಿರಿ. ತುಟಿಗಳು ಮೂರಕ್ಕೂ ಒಂದೇ ಬಗೆಯಾಗಿ ಮುಚ್ಚಿ ತೆರೆಯುವುವು. ಕ, ಗ ಎಂಬುವು ನಾಲಗೆಯ ಹಿಂಬದಿಯಲ್ಲಿ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ಅರ್ಧ ಮಾತು ಕಾಣುವುದು, ಉಳಿದ ಅರ್ಧವನ್ನು ಸಂದರ್ಭದಿಂದ ಊಹಿಸಬೇಕು. ಹೊಸ ಹೆಸರು ಬಂದರೆ ಊಹೆಯೂ ನಿಲ್ಲುವುದು. ತರಗತಿಯಲ್ಲಿ ನಾನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ "ಬರೆಯಿರಿ" ಎಂಬುದು ಅವಳ ಕಣ್ಣಿಗೆ "ಮರೆಯಿರಿ" ಎಂಬಂತೆಯೇ ಕಾಣುತ್ತಿದ್ದಿತು. ಇದನ್ನು ಅವಳು ಹಾಸ್ಯಕ್ಕಾಗಿ ಬರೆದು ತೋರಿಸಿದಳು. ನಾನೂ ನಕ್ಕೆನು, ಮನೆಗೆ ಹೋದಮೇಲೆ ನಗು ಬರಲಿಲ್ಲ.

ಆಮೇಲೆ ಮಾಡಿದ ಏರ್ಪಾಡುಗಳು ಅತ್ಯಲ್ಪವಾದುವು. ಹಲಗೆಗೆ ಬರೆಯುವಾಗ ಬಾಯಿ ಮುಚ್ಚುವುದು, ಬರೆದು ಮುಗಿಸಿ ತಿರುಗಿದಮೇಲೆ ಮಾತನಾಡುವುದು. ಕಿಟಕಿಯನ್ನು ಬೆನ್ನಿಗೆ ಮಾಡಿಕೊಂಡು ನಿಲ್ಲದಿರುವುದು, ಏಕೆಂದರೆ ಬೆಳಕು ಹಿಂದಿನಿಂದ ಬಂದರೆ ಮುಖವು ಕಪ್ಪಾಗಿ ಕಾಣುವುದು. ಹೆಸರುಗಳನ್ನೂ ಇಸವಿಗಳನ್ನೂ ಮುಂಚೆಯೇ ಬರೆದುಕೊಡುವುದು. ಪಕ್ಕದ ಹುಡುಗಿಯು ಕಾರ್ಬನ್ ಕಾಗದವನ್ನಿಟ್ಟು ಟಿಪ್ಪಣಿ ಬರೆಯುವುದು. ಇದಕ್ಕೆಲ್ಲ ಆದ ವೆಚ್ಚವು ಕಾರ್ಬನ್ ಕಾಗದದ್ದು ಮಾತ್ರ. ಇಡೀ ತರಗತಿಯೇ ಆ ವರ್ಷ ಚೆನ್ನಾಗಿ ಪಾಠ ಕಲಿತಿತೆಂದು ನನ್ನ ನೆನಪು. ಅದೇ ಕಾಲೇಜಿನಲ್ಲಿ ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಇನ್ನೊಬ್ಬ ವಿದ್ಯಾರ್ಥಿನಿಗಾಗಿ ತರಗತಿಯನ್ನು ಮಹಡಿಯಿಂದ ಕೆಳಗಿಳಿಸಲು ಒಂದು ವರ್ಷ ಕಾಗದಗಳು ಓಡಾಡಿದುವು. ಕೊನೆಗೆ ವೇಳಾಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಬದಲಾಯಿಸಿದುದಷ್ಟೇ ಕೆಲಸ.

ಈಗ ಕಾಯಿದೆಯ ಬಲವಿದೆ. 1995ರ ಅಧಿನಿಯಮವು ಸರ್ಕಾರಿ ಮತ್ತು ಅನುದಾನಿತ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 3 ಸ್ಥಾನಗಳನ್ನು ಕಾದಿರಿಸಿದ್ದಿತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ, ಉನ್ನತ ಶಿಕ್ಷಣದಲ್ಲಿ, ನೂರಕ್ಕೆ 40ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳವರಿಗೆ 5 ಸ್ಥಾನಗಳಿಗೆ ಕಡಮೆಯಿಲ್ಲದೆ ಕೊಡಬೇಕು. ವಯಸ್ಸಿನಲ್ಲಿಯೂ 5 ವರ್ಷಗಳ ವಿನಾಯಿತಿಯುಂಟು. 2018ರ ಕೇಂದ್ರದ ಮಾರ್ಗಸೂಚಿಯಂತೆ ಲಿಪಿಕಾರರ ನೆರವು ಪಡೆಯುವವರಿಗೆ ಪರೀಕ್ಷೆಯ ಪ್ರತಿ ಗಂಟೆಗೆ 20 ನಿಮಿಷಗಳಿಗೆ ಕಡಮೆಯಿಲ್ಲದಂತೆ ಹೆಚ್ಚುವರಿ ಕಾಲ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಲಿಪಿಕಾರರನ್ನು ಎರಡು ದಿನ ಮುಂಚೆ ಕಂಡು, ಇವರು ತಕ್ಕವರೋ ಅಲ್ಲವೋ ಎಂದು ನೋಡುವ ಅವಕಾಶವೂ ಅದರಲ್ಲಿದೆ. ಅದನ್ನು ಓದಿದಾಗ ನನ್ನ ಜಗಲಿಯ ಹತ್ತು ನಿಮಿಷಗಳು ಕಣ್ಣೆದುರಿಗೆ ಬಂದುವು. ಆಕೆ ನನ್ನನ್ನು ಎರಡು ದಿನ ಮುಂಚೆ ಕಂಡಿದ್ದರೆ ಖಂಡಿತವಾಗಿಯೂ ಬೇಡವೆನ್ನುತ್ತಿದ್ದಳು. 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರೆಯುವಾಗ ಕೈ ಸೆಟೆಯುವ ಬಾಧೆಯುಳ್ಳ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ, ನೂರಕ್ಕೆ 40ರಷ್ಟು ವೈಕಲ್ಯವಿದ್ದವರಿಗೆ ಮಾತ್ರ ಲಿಪಿಕಾರರೆಂಬ ಗೆರೆಯನ್ನು ಒಪ್ಪಲಿಲ್ಲ.

ಕಾಯಿದೆಯ ಮಾತು ಇಷ್ಟು ಸಾಕು. ಪೋಷಕರಲ್ಲಿ ಒಂದು ವಿಜ್ಞಾಪನೆಯುಂಟು: ಮಗಳ ಕೊರತೆಯನ್ನು ಸೇರಿಸುವ ದಿನವೇ ಬಾಯಿಬಿಟ್ಟು ಹೇಳಿರಿ. ಬಚ್ಚಿಟ್ಟ ಎರಡು ತಿಂಗಳಲ್ಲಿ ಆ ಹುಡುಗಿಗೆ ನನ್ನಂಥವರ ಗದರಿಕೆಯಲ್ಲದೆ ಮತ್ತೇನೂ ದೊರೆಯಲಿಲ್ಲ.

ಅಕ್ಕನು ನಿವೃತ್ತಳಾದಮೇಲೆ ಕೈಯಲ್ಲಿ ಹಿಡಿಯುವ ಫೋನನ್ನು ಬಳಸುವುದನ್ನು ಕಲಿತಳು. ಪರದೆಯ ಮೇಲಿನ ಬರಹವನ್ನು ಅದು ಗಟ್ಟಿಯಾಗಿ ಓದಿಹೇಳುವುದು. ಕಂಪ್ಯೂಟರಿಗೂ ಅಂಥ ಸಾಧನಗಳುಂಟು. 2006ರಲ್ಲಿ ಆಸ್ಟ್ರೇಲಿಯದಲ್ಲಿ ಇಬ್ಬರು ಅಂಧ ತರುಣರು ಆರಂಭಿಸಿದ ಎನ್‌ವಿಡಿಎ ಎಂಬುದನ್ನು ಹಣವಿಲ್ಲದೆ ಪಡೆಯಬಹುದು. ಅಂಧರಿಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಹಕ್ಕುಸ್ವಾಮ್ಯವು ಅಡ್ಡಬಾರದಂತೆ ಮಾಡಿದ ಮರಾಕೆಶ್ ಒಡಂಬಡಿಕೆಯನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು. ಒಂದು ತಗಡಿನ ಪೆಟ್ಟಿಗೆಯಷ್ಟು ಚರಿತ್ರೆಯು ಈಗ ಆಕೆಯ ಕೈಚೀಲದಲ್ಲಿದೆ. ಅರುವತ್ತು ದಾಟಿದಮೇಲೆ, ತಡವಾಗಿ.

2019ರಲ್ಲಿ ಒಂದು ರಾತ್ರಿ, ಇನ್ನು ಆಕೆಗೂ ನನಗೂ ನಡುವೆ ಓದುವವರು ಯಾರೂ ಇಲ್ಲವೆಂಬುದು ನನಗೆ ಹೊಳೆಯಿತು. ನೆಪವು ತೀರಿದ್ದಿತು. ಕೋಣೆ, ನಕ್ಷೆಗಳು, 1792, 1799, ಎಲ್ಲವನ್ನೂ ಬರೆದು ಕಳುಹಿಸಿದೆನು. ಯಂತ್ರದ ದನಿಯು ಅದನ್ನು ಆಕೆಗೆ ಯಾವ ಭಾವವೂ ಇಲ್ಲದೆ ಓದಿಹೇಳಿರಬೇಕು. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಬೆಳಗ್ಗೆ ಬಂದಿತು. ಕಾಗುಣಿತದಲ್ಲಿ ಒಂದು ತಪ್ಪೂ ಇಲ್ಲದ ಎರಡು ಸಾಲು:

"ತಂಗೀ, ಇಸವಿಯ ವಿಷಯ ತಿಳಿಯಿತು. ಉಳಿದ ಉತ್ತರಗಳಲ್ಲಿ ಇನ್ನೇನೇನನ್ನು ತಿದ್ದಿದ್ದೆ?"

ನಾಲ್ಕು ಉತ್ತರಗಳನ್ನೂ ನೆನಪಿಗೆ ತಂದುಕೊಳ್ಳಲು ಆ ದಿನವೆಲ್ಲ ಪ್ರಯತ್ನಿಸಿದೆನು. ಕೋಣೆಯ ಸೆಕೆಯೂ, ಬಾಗಿಲ ಬಳಿಯ ಕುರ್ಚಿಯೂ, ಶಾಯಿ ಹತ್ತಿದ ನನ್ನ ಬೆರಳೂ ನೆನಪಾದುವು. ಏನು ಬರೆದೆನೆಂಬುದು ನೆನಪಾಗಲಿಲ್ಲ. ಹಾಗೆಂದೇ ಅಕ್ಕನಿಗೆ ಬರೆದೆನು.